‘ನಾಳೆ ಬಾ’ ಎಂದರೆ ಹೋಗುವ ದೆವ್ವ

1851ರಲ್ಲಿ ಶುರುವಾದ ಮದರಾಸಿನ ಸರ್ಕಾರಿ ಮ್ಯೂಸಿಯಂ ಈಗಿರುವುದು ಎಗ್ಮೋರಿನ ಪ್ಯಾಂಥಿಯನ್ ರೋಡಿನಲ್ಲಿ. ನಮ್ಮ ಮನೆಯಿಂದ ನಡೆದೇ ಹೋಗಬಹುದು. ಊರಿಂದ ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಿ ಹೋಗಿ ಒಳಗಿನ ದಾರಿಯೂ ನನಗೆ ಬಾಯಿಪಾಠವಾಗಿದೆ. ಅಲ್ಲಿ ತಿಮಿಂಗಿಲದ ದೊಡ್ಡ ಅಸ್ಥಿಪಂಜರವೊಂದಿದೆ. ಮಕ್ಕಳು ಅದರ ಮುಂದೆ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಅದೇ ಮಕ್ಕಳು ರಾತ್ರಿ ಕರೆಂಟು ಹೋದಾಗ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಯಾರದೋ ಚಪ್ಪಲಿ ಸದ್ದು ಕೇಳಿದರೆ ಅಮ್ಮನಿಗೆ ಅಂಟಿಕೊಳ್ಳುತ್ತಾರೆ.

ನನ್ನ ಟೀಮಿನ ಹುಡುಗರ ಜೊತೆ ಊಟದ ಹೊತ್ತಿನಲ್ಲಿ ನಡೆಯುವ ವಾದಕ್ಕೆ ನಾನು ಕೊಡುವ ಉದಾಹರಣೆ ಇದು. ಹೊಸ ಹಾರರ್ ಗೇಮ್ ಬಂದಾಗಲೆಲ್ಲ ಅವರು ಗ್ರಾಫಿಕ್ಸ್ ಕಾರ್ಡಿನ ಮಾತೆತ್ತುತ್ತಾರೆ. ರಕ್ತ ಎಷ್ಟು ನಿಜದಂತೆ ಹೊಳೆಯುತ್ತದೆ, ದೆವ್ವದ ಚರ್ಮದ ಸುಕ್ಕು ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು. ಈ ಆಟಗಳ ನಲವತ್ತು ವರ್ಷದ ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ. ಅಲ್ಲಿ ಜನರನ್ನು ಹೆದರಿಸಿದ್ದು ಹೆಚ್ಚಾಗಿ ಬಚ್ಚಿಟ್ಟ ಸಂಗತಿಗಳು, ಮತ್ತು ಆಟಗಾರನ ಕೈಯಿಂದಲೇ ಮಾಡಿಸಿದ ಕೆಲಸಗಳು.

1981ರಲ್ಲಿ ಇಂಗ್ಲೆಂಡಿನ ಮಾಲ್ಕಮ್ ಇವಾನ್ಸ್ ‘ತ್ರೀಡಿ ಮಾನ್‌ಸ್ಟರ್ ಮೇಜ್’ ಎಂಬ ಆಟ ಬರೆದರು. ಅದು ಓಡುತ್ತಿದ್ದದ್ದು ಜೆಡ್ಎಕ್ಸ್81 ಎಂಬ ಪುಟ್ಟ ಕಂಪ್ಯೂಟರಿನಲ್ಲಿ. 16 ಕೆಬಿ ಮೆಮೊರಿ, ಬಣ್ಣ ಇಲ್ಲ, ಸದ್ದೂ ಇಲ್ಲ. ಕಪ್ಪು-ಬಿಳುಪು ಗೋಡೆಗಳ ಜಟಿಲ ದಾರಿಯೊಳಗೆ ಒಂದು ಡೈನೋಸಾರ್ ನಮ್ಮನ್ನು ಹುಡುಕುತ್ತಿರುತ್ತದೆ. ಸದ್ದು ಹೊರಡಿಸಲು ಆಗದ ಕಾರಣ ಪರದೆಯ ಕೆಳಗೆ ಒಂದು ಸಾಲು ಬರಹ ಬರುತ್ತಿತ್ತು: ಅದು ಹೊಂಚು ಹಾಕಿ ಕೂತಿದೆಯೋ, ಹೆಜ್ಜೆ ಸದ್ದು ಹತ್ತಿರವಾಗುತ್ತಿದೆಯೋ ಎಂಬ ಸುದ್ದಿ. ಎದುರಿಗೆ ಬರಿಯ ಗೋಡೆ. ಬಲಕ್ಕೆ ತಿರುಗಬೇಕೋ ಎಡಕ್ಕೋ ಎಂದು ನಾವೇ ತೀರ್ಮಾನಿಸಬೇಕು. ಮರುವರ್ಷ ಬಂದ ಅಟಾರಿಯ ‘ಹಾಂಟೆಡ್ ಹೌಸ್’ ಇನ್ನೂ ಬಡವ. ಆ ಯಂತ್ರಕ್ಕಿದ್ದ ಮೆಮೊರಿ 128 ಬೈಟ್. ಕೆಬಿ ಅಲ್ಲ, ಬೈಟ್. ಮನುಷ್ಯನನ್ನು ಬಿಡಿಸಲು ಜಾಗವಿಲ್ಲದ ಕತ್ತಲಲ್ಲಿ ಆಟಗಾರ ಎಂದರೆ ಎರಡು ಕಣ್ಣು ಅಷ್ಟೆ. ಬೆಂಕಿಕಡ್ಡಿ ಗೀರಿದರೆ ಸುತ್ತ ಒಂದಿಷ್ಟು ಕಾಣುತ್ತದೆ.

ಒಂದು ಸಾಲು ಬರಹ ಊರನ್ನೇ ಹೆದರಿಸಬಹುದು ಎಂಬುದು ನಮ್ಮ ವಯಸ್ಸಿನ ಕನ್ನಡಿಗರಿಗೆ ಹೊಸದೇನಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ, ಸುತ್ತಲಿನ ಊರುಗಳಲ್ಲಿ, ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಬಾಗಿಲು ಬಡಿಯುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ತೆಗೆದವರು ಸಾಯುತ್ತಾರೆ. ಬರಹ ಓದಿದರೆ ಹಿಂತಿರುಗಿ ಹೋಗಿ ಮರುದಿನ ಬರುತ್ತದೆ, ಮತ್ತೆ ಅದನ್ನೇ ಓದುತ್ತದೆ. ಈ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು, ನೆನಪಿನ ಶಕ್ತಿ ಮಾತ್ರ ಇರಲಿಲ್ಲ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಕೊನೆಯಿಲ್ಲದ ಲೂಪ್. 2018ರ ಹಿಂದಿ ಸಿನಿಮಾ ‘ಸ್ತ್ರೀ’ಯಲ್ಲಿ ಈ ನಂಬಿಕೆಯ ನೆರಳಿದೆ.

ನಮ್ಮ ಮನೆಯ ಬಾಗಿಲ ಮೇಲೂ ಸೀಮೆಸುಣ್ಣದ ಅಕ್ಷರ ಇತ್ತು. ಹಗಲಲ್ಲಿ ನಾವು ಹುಡುಗರು ಅದನ್ನು ಆಡಿಕೊಂಡು ನಗುತ್ತಿದ್ದೆವು. ರಾತ್ರಿ ನನ್ನನ್ನು ಕಾಡುತ್ತಿದ್ದದ್ದು ದೆವ್ವದ ಮುಖ ಹೇಗಿದ್ದೀತು ಎಂಬುದಲ್ಲ, ಅದನ್ನು ಯಾರೂ ವರ್ಣಿಸಿಯೇ ಇರಲಿಲ್ಲ. ಚಿಲಕ ಒಳಗಡೆ ಇತ್ತು. ತೆಗೆಯಬೇಕಾದವನು ನಾನೇ. ಅಜ್ಜಿಗೆ ಇದಕ್ಕೂ ಹಳೆಯ ನಿಯಮವೊಂದಿತ್ತು: “ರಾತ್ರಿ ಹೊತ್ತು ಒಂದೇ ಸಲ ಕೂಗಿದ್ರೆ ಓಗೊಡಬ್ಯಾಡ ಮಗಾ, ಮೂರು ಸಲ ಕೂಗ್ಲಿ.” ಒಂದು ನಿಯಮ, ಒಂದು ಬಾಗಿಲು, ಪರಿಚಿತ ದನಿ, ತಪ್ಪಾದರೆ ಪ್ರಾಣ. ಇದಕ್ಕಿಂತ ಚೆನ್ನಾದ ಗೇಮ್ ಡಿಸೈನ್ ನಾನು ಕಂಡಿಲ್ಲ.

ಜಪಾನಿನವರು ಇದೇ ಬಾಗಿಲನ್ನು ತಮ್ಮ ದಾರಿಯಲ್ಲಿ ಕಂಡುಕೊಂಡರು. ಕ್ಯಾಪ್ಕಾಮ್ ಕಂಪನಿಯ 1989ರ ‘ಸ್ವೀಟ್ ಹೋಮ್’ನಲ್ಲಿ ಕೋಣೆಯಿಂದ ಕೋಣೆಗೆ ಹೋಗುವಾಗ ಬಾಗಿಲು ತೆರೆದುಕೊಳ್ಳುವ ಚಿತ್ರ ಬರುತ್ತಿತ್ತು. ಶಿಂಜಿ ಮಿಕಾಮಿ ನಿರ್ದೇಶಿಸಿದ 1996ರ ‘ರೆಸಿಡೆಂಟ್ ಈವಿಲ್’ ಅದನ್ನು ಮುಂದುವರಿಸಿತು. ಅಸಲಿಗೆ ಅದು ಸಿಡಿಯಿಂದ ಮುಂದಿನ ಕೋಣೆಯನ್ನು ಓದಿಕೊಳ್ಳುವಷ್ಟು ಹೊತ್ತು ನಮ್ಮನ್ನು ಕಾಯಿಸುವ ಉಪಾಯ. ಕಪ್ಪು ಪರದೆಯ ಮೇಲೆ ಬಾಗಿಲು ಕಿರುಗುಟ್ಟುತ್ತ ತೆರೆಯುವ ಆ ಕೆಲವು ಸೆಕೆಂಡುಗಳಲ್ಲಿ ಆಟಗಾರನೇ ಮನಸ್ಸಿನೊಳಗೆ ಮುಂದಿನ ಕೋಣೆಯನ್ನು ಕಟ್ಟಿರುತ್ತಾನೆ. ಗುಂಡುಗಳು ಕಡಿಮೆ, ಆಟ ಸೇವ್ ಮಾಡಲು ಟೈಪ್‌ರೈಟರಿನ ಇಂಕ್ ರಿಬ್ಬನ್ ಬೇಕು, ಅದೂ ಎಣಿಕೆಯದು. ಚೆನ್ನೈಯವರಿಗೂ ನಮಗೂ ಚೆನ್ನಾಗಿ ಗೊತ್ತಿರುವ ಉದಾಹರಣೆ ಬೇಕೆಂದರೆ ಪಿ. ವಾಸು ಮಾಡಿದ ‘ಆಪ್ತಮಿತ್ರ’ (2004) ಮತ್ತು ‘ಚಂದ್ರಮುಖಿ’ (2005) ಇವೆ. ಎರಡಕ್ಕೂ ಮೂಲ 1993ರ ಮಲಯಾಳಂ ಚಿತ್ರ. ಆ ಮನೆಯ ಕೋಣೆಗೆ ಬೀಗ ಇರುವವರೆಗಿನ ಹೆದರಿಕೆ, ಅದು ತೆರೆದ ಮೇಲೆ ಉಳಿಯುವುದಿಲ್ಲ. ಆಮೇಲೆ ಕುತೂಹಲ ಇರುತ್ತದೆ, ಹಾಡು ಕುಣಿತ ಇರುತ್ತದೆ, ಅದು ಬೇರೆ ಮಾತು.

1999ರ ‘ಸೈಲೆಂಟ್ ಹಿಲ್’ ಕಥೆ ನನಗೆ ಇನ್ನೂ ಇಷ್ಟ. ಇಡೀ ಊರನ್ನು ದೂರದವರೆಗೆ ಬಿಡಿಸಿ ತೋರಿಸುವ ತಾಕತ್ತು ಆಗಿನ ಪ್ಲೇಸ್ಟೇಷನ್ನಿಗೆ ಇರಲಿಲ್ಲ. ಕೊನಾಮಿಯವರು ಆ ಕೊರತೆಯನ್ನು ಮಂಜಿನಿಂದ ಮುಚ್ಚಿದರು. ಜೇಬಿನಲ್ಲೊಂದು ರೇಡಿಯೋ, ಏನಾದರೂ ಹತ್ತಿರ ಬಂದರೆ ಅದು ಗೊರಗುಡುತ್ತದೆ. ಬರುತ್ತಿದೆ ಎಂದು ತಿಳಿಯುತ್ತದೆ, ಯಾವ ಕಡೆಯಿಂದ ಎಂದು ಕಾಣುವುದಿಲ್ಲ. 2012ರಲ್ಲಿ ಈ ಸರಣಿಯ ಎರಡನೆಯ ಆಟವನ್ನು ಎಚ್‌ಡಿಯಲ್ಲಿ ಮರುಬಿಡುಗಡೆ ಮಾಡಿದಾಗ ಮಂಜು ತೆಳುವಾಗಿ, ಬಚ್ಚಿಟ್ಟಿದ್ದ ಊರಿನ ಅಂಚುಗಳೆಲ್ಲ ಬಯಲಾದವು. ಅಭಿಮಾನಿಗಳು ಬೈದರು. ಬೈಯದೆ ಇನ್ನೇನು.

ಆಮೇಲಿನ ಚರಿತ್ರೆ ಆಯುಧದ ಸುತ್ತ ತಿರುಗುತ್ತದೆ. 2005ರ ‘ರೆಸಿಡೆಂಟ್ ಈವಿಲ್ 4’ ಬಹಳ ಒಳ್ಳೆಯ ಆಟ, ಆದರೆ ಕೈಗೆ ಬಂದೂಕಿನ ಮೇಲೆ ಬಂದೂಕು ಬರುತ್ತದೆ, ಹೆದರುವವನು ಬೇಟೆಗಾರನಾಗುತ್ತಾನೆ. 2010ರಲ್ಲಿ ಸ್ವೀಡನ್ನಿನ ‘ಅಮ್ನೀಶಿಯಾ’ ಆಯುಧವನ್ನೇ ಕಿತ್ತುಕೊಂಡಿತು. ಕತ್ತಲಲ್ಲಿ ನಿಂತರೆ ಬುದ್ಧಿ ಕದಡುತ್ತದೆ, ರಾಕ್ಷಸನನ್ನು ದಿಟ್ಟಿಸಿದರೂ ಕದಡುತ್ತದೆ. 2014ರ ‘ಪಿ.ಟಿ.’ಯಲ್ಲಿ ಇದ್ದದ್ದು ಒಂದು ಮನೆಯ ಓಣಿ ಮಾತ್ರ. ಕೊನೆಯ ಬಾಗಿಲು ದಾಟಿದರೆ ಮತ್ತೆ ಅದೇ ಓಣಿಯ ಮೊದಲು. ಅದೇ ವರ್ಷದ ‘ಏಲಿಯನ್: ಐಸೊಲೇಷನ್’ನಲ್ಲಿ ಎರಡು ಪ್ರೋಗ್ರಾಂಗಳಿವೆ. ಒಂದಕ್ಕೆ ನಾವೆಲ್ಲಿದ್ದೇವೆಂದು ಸದಾ ಗೊತ್ತು, ಅದು ಪ್ರಾಣಿಗೆ ಆಗಾಗ ಸುಳಿವು ಕೊಡುತ್ತದಷ್ಟೆ. ಪ್ರಾಣಿಯನ್ನು ನಡೆಸುವ ಇನ್ನೊಂದು ನಮ್ಮನ್ನು ನಿಜವಾಗಿ ಹುಡುಕಬೇಕು. ಎಲ್ಲ ಗೊತ್ತಿರುವ ಶತ್ರುವಿನಿಂದ ಸಿಟ್ಟು ಬರುತ್ತದೆ. ಹುಡುಕುತ್ತಿರುವವನಿಂದ ಭಯ.

ಇಷ್ಟೆಲ್ಲ ಹೇಳುವಾಗ ನಾನು ಸದಾ ಬಾಗಿಲ ಒಳಗಿನವನಾಗಿಯೇ ಮಾತಾಡಿದ್ದೇನೆ. ಪರಊರಿಗೆ ಬಂದವರು ಹೆಚ್ಚಾಗಿ ಹೊರಗೆ ನಿಂತವರು. ಈ ಊರಿಗೆ ಬಂದ ಹೊಸದರಲ್ಲಿ ಬಾಡಿಗೆ ಮನೆ ಕೇಳಿಕೊಂಡು ಸಂಜೆ ಬಾಗಿಲು ತಟ್ಟಿದಾಗ ಒಳಗಿನ ದನಿಗಳು ತಟ್ಟನೆ ನಿಂತುಹೋಗುತ್ತಿದ್ದದ್ದು ನೆನಪಿದೆ. ಅದರಿಂದ ನನಗೇನೂ ಆಗಲಿಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳರ ವಾಟ್ಸಾಪ್ ವದಂತಿ ನಂಬಿದ ಗುಂಪೊಂದು ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅಲ್ಲಿ ಕೂಡ ಒಂದು ಸಾಲು ಬರಹ, ಕಾಣದ ಶತ್ರು, ಎಲ್ಲರ ಕೈಗೂ ಒಂದು ಕೆಲಸ ಇತ್ತು. ಪಾಸ್ ಬಟನ್ ಇರಲಿಲ್ಲ.

ಟೀಮಿನ ಹುಡುಗರು ಮೊನ್ನೆ ‘ನಾಳೆ ಬಾ’ ಹೆಸರಿನಲ್ಲೊಂದು ಸಣ್ಣ ಗೇಮ್ ಮಾಡೋಣ ಸಾರ್ ಎಂದರು. ಅವರಿಗೆ ಕೂದಲು ಕೆದರಿದ, ಬಿಳಿ ಸೀರೆಯ ಹೆಂಗಸು ಬೇಕು. ನಾನು ಬೇಡ ಎಂದೆ. ಒಂದು ಕೋಣೆ, ಒಳಗಿನ ಚಿಲಕ, ಹೊರಗೆ ಅಮ್ಮನ ದನಿ ಸಾಕು. ಕೆಲವು ರಾತ್ರಿ ಅದು ದೆವ್ವ. ಕೆಲವು ರಾತ್ರಿ ಕೊನೆಯ ಬಸ್ಸಿಗೆ ಊರಿಂದ ಬಂದ ಅಮ್ಮನೇ. ತೆರೆಯದಿದ್ದರೆ ಬೆಳಿಗ್ಗೆ ಮೆಟ್ಟಿಲ ಮೇಲೆ ಅವಳ ಚೀಲ ಮಾತ್ರ ಇರಬೇಕು. ಯಾವ ರಾತ್ರಿ ಯಾವುದು ಅಂತ ಆಡುವವನಿಗೆ ಹೇಗೆ ಗೊತ್ತಾಗಬೇಕು ಎಂದು ಒಬ್ಬ ಕೇಳಿದ. ಗೊತ್ತಾಗಬಾರದು ಎಂದೆ. ಈಗ ಕನ್ನಡದಲ್ಲಿ ಮೂರು ಸಲ ಕೂಗುವ ದನಿಯೊಂದನ್ನು ಹುಡುಕುತ್ತಿದ್ದೇವೆ.