ಟ್ರೇಲರ್‌ಗೆ ರ‍್ಯಾಂಪ್ ಮಾಡಿಸುವ ಮುನ್ನ: ಉದ್ದ ಎಷ್ಟಿರಬೇಕು, ಅಪಾಯ ಎಲ್ಲಿದೆ?

ಊರಿನ ವೆಲ್ಡಿಂಗ್ ಶಾಪ್‌ನಲ್ಲಿ ಸಣ್ಣ ಟ್ರೇಲರ್ ಮಾಡಿಸುವವರು ಚಾಸಿಸ್, ಆಕ್ಸಲ್, ಟೈರ್‌ಗಳ ಬಗ್ಗೆ ಹತ್ತು ಬಾರಿ ಯೋಚಿಸುತ್ತಾರೆ. ಹಿಂಬದಿಯ ರ‍್ಯಾಂಪ್ ಮಾತ್ರ ಉಳಿದ ಕಬ್ಬಿಣದಲ್ಲಿ ಮುಗಿಸುವ ಕೆಲಸವಾಗುತ್ತದೆ. ಆದರೆ ಬೈಕ್ ಅಥವಾ ಪವರ್ ಟಿಲ್ಲರ್ ಹತ್ತಿಸುವಾಗ ಯಂತ್ರ ಮನುಷ್ಯನ ಮೇಲೆಯೇ ಜಾರಿ ಬೀಳುವ ಅಪಾಯವಿರುವುದು ಅಲ್ಲೇ.

ಮೊದಲ ಲೆಕ್ಕ ಉದ್ದದ್ದು. ಟ್ರೇಲರ್ ಫ್ಲೋರ್ ನೆಲದಿಂದ 60 ಸೆಂ.ಮೀ. ಎತ್ತರವಿದ್ದು, ರ‍್ಯಾಂಪ್ 120 ಸೆಂ.ಮೀ. ಇದ್ದರೆ ಇಳಿಜಾರು 30 ಡಿಗ್ರಿ. 200 ಕೆ.ಜಿ. ಬೈಕನ್ನು ತಳ್ಳಲು ಸುಮಾರು 100 ಕೆ.ಜಿ. ಭಾರ ಎತ್ತುವಷ್ಟು ಬಲ ಬೇಕು. ರ‍್ಯಾಂಪ್ ಉದ್ದ 232 ಸೆಂ.ಮೀ. ಆದರೆ ಇಳಿಜಾರು 15 ಡಿಗ್ರಿಗೆ ಇಳಿಯುತ್ತದೆ, ಬೇಕಾದ ಬಲ 52 ಕೆ.ಜಿ.ಗೆ ಬರುತ್ತದೆ. ಚಕ್ರದ ಘರ್ಷಣೆ ಇದಕ್ಕೆ ಸ್ವಲ್ಪ ಸೇರಿಕೊಳ್ಳುತ್ತದೆ. ಕಡಿದಾದ ರ‍್ಯಾಂಪ್‌ನಲ್ಲಿ ಇನ್ನೊಂದು ತೊಂದರೆ: ಮೇಲ್ತುದಿಯ ಮೂಲೆಗೆ ಸ್ಕೂಟರ್‌ನ ಹೊಟ್ಟೆ ತಗುಲಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಉದ್ದ ಹೆಚ್ಚಿದಂತೆ ತೂಕವೂ ಹೆಚ್ಚುತ್ತದೆ. 2.3 ಮೀಟರ್ ಉದ್ದ, 1.2 ಮೀಟರ್ ಅಗಲದ 3 ಮಿ.ಮೀ. ಉಕ್ಕಿನ ಶೀಟ್ ಒಂದೇ ಸುಮಾರು 65 ಕೆ.ಜಿ. ತೂಗುತ್ತದೆ, ಫ್ರೇಮ್ ಬೇರೆ. ಒಬ್ಬರಿಂದ ಎತ್ತಿ ಮಡಚಲು ಆಗದು. ಶೀಟ್ ಬದಲು ದಪ್ಪ ಜಾಲರಿ ಹಾಕಿದರೆ ತೂಕ ಇಳಿಯುತ್ತದೆ, ಮಳೆಯಲ್ಲಿ ಕಾಲೂ ಜಾರದು. ಬೈಕ್‌ಗೆಂದೇ ಕಿರಿದಾದ ರ‍್ಯಾಂಪ್ ಮಾಡಿಸುವವರು ಪಕ್ಕದಲ್ಲಿ ನಡೆಯುವವರಿಗೂ ಒಂದು ಹಲಗೆ ಇಡಬೇಕು. ಇದನ್ನು ಮರೆಯುವವರೇ ಹೆಚ್ಚು.

ಭಾರ ನಡುವೆ ಬಂದಾಗ ರ‍್ಯಾಂಪ್ ಅತಿ ಹೆಚ್ಚು ಬಾಗುತ್ತದೆ. 50×6 ಮಿ.ಮೀ. ಕಬ್ಬಿಣದ ಪಟ್ಟಿಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ ವೆಲ್ಡ್ ಮಾಡಿದರೆ ಅದರ ಬಲ 8 ಪಟ್ಟು ಹೆಚ್ಚು. ಖರ್ಚು ಅಷ್ಟೇ.

ಎಷ್ಟೇ ಗಟ್ಟಿಯಾಗಿದ್ದರೂ, ಸುಮ್ಮನೆ ಒರಗಿಸಿಟ್ಟ ರ‍್ಯಾಂಪ್ ನಂಬುವಂಥದ್ದಲ್ಲ. ಎಂಜಿನ್ ಬಲದಿಂದ ಏರುವ ಚಕ್ರ ತನ್ನ ಕೆಳಗಿನ ರ‍್ಯಾಂಪನ್ನು ಹಿಂದಕ್ಕೆ ಒದೆಯುತ್ತದೆ. ಮೇಲ್ತುದಿ ಫ್ಲೋರ್‌ನಿಂದ ಕಳಚಿಕೊಳ್ಳುತ್ತದೆ. ಪಿನ್ ಅಥವಾ ಚೈನ್‌ನಿಂದ ಅದನ್ನು ಟ್ರೇಲರ್‌ಗೆ ಬಿಗಿಯಲೇಬೇಕು. ಒಂದೇ ಆಕ್ಸಲ್ ಇರುವ ಟ್ರೇಲರ್‌ನ ಹಿಂತುದಿಗೆ ಭಾರ ಬಿದ್ದರೆ ಮುಂಭಾಗ ಮೇಲೇಳುತ್ತದೆ. ಆದ್ದರಿಂದ ಲೋಡ್ ಮಾಡುವಾಗ ಟ್ರೇಲರ್ ವಾಹನಕ್ಕೆ ಸಿಕ್ಕಿಸಿಯೇ ಇರಬೇಕು, ಹಿಂದೆ ಎರಡು ಊರುಗಾಲುಗಳಿದ್ದರೆ ಇನ್ನೂ ಒಳ್ಳೆಯದು.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ, ರಸ್ತೆಗೆ ಇಳಿಸಲು ನೋಂದಣಿ ಬೇಕು. ಮಡಚಿ ನಿಲ್ಲಿಸಿದ ರ‍್ಯಾಂಪ್ ಹಿಂದಿನ ದೀಪ ಮತ್ತು ನಂಬರ್ ಪ್ಲೇಟ್‌ಗೆ ಅಡ್ಡ ಬರುತ್ತದೆಯೇ ಎಂಬುದನ್ನು ವೆಲ್ಡಿಂಗ್‌ಗೆ ಮೊದಲೇ ನೋಡಿಕೊಳ್ಳಬೇಕು.