ಕೂದಲಂಚಿನ ನೀಲಿ ಗೆರೆ

ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ ಸಾಬು ಸಿನಿಮಾಕ್ಕೆ ಬಂದದ್ದು ಆನೆಯ ದೆಸೆಯಿಂದ. 1937ರ ‘ಎಲಿಫೆಂಟ್ ಬಾಯ್’ ಅವನನ್ನು ಕಾಕನಕೋಟೆಯ ಕಾಡಂಚಿನಿಂದ ಇಂಗ್ಲೆಂಡಿಗೆ ಒಯ್ದಿತು. ಮೂರು ವರ್ಷದ ಮೇಲೆ ಅಲೆಕ್ಸಾಂಡರ್ ಕೊರ್ಡಾ ನಿರ್ಮಿಸಿದ ‘ದ ಥೀಫ್ ಆಫ್ ಬಗ್ದಾದ್’ ಚಿತ್ರದಲ್ಲಿ ಅದೇ ಹುಡುಗ ಬಾಟಲಿಯಿಂದೆದ್ದ ದೈತ್ಯ ಭೂತದ ಜತೆ ಆಕಾಶದಲ್ಲಿ ಹಾರಿದ. ಆ ಚಿತ್ರದ ಚಮತ್ಕಾರದ ಶಾಟುಗಳನ್ನು ಇಂದು ನಿಲ್ಲಿಸಿ ನಿಲ್ಲಿಸಿ ನೋಡಿದರೆ, ಹಿನ್ನೆಲೆಯ ಮೇಲೆ ಕೂರಿಸಿದ ಆಕೃತಿಗಳ ಸುತ್ತ ಅಲ್ಲಲ್ಲಿ ತೆಳ್ಳನೆಯ ನೀಲಿ ಅಂಚು ಕಾಣುತ್ತದೆ. ನಟರನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ, ಆಮೇಲೆ ಪರದೆಯನ್ನು ಅಳಿಸಿ ಬೇರೆ ದೃಶ್ಯ ಸೇರಿಸುವ ವಿದ್ಯೆ ಬಣ್ಣದ ಚಿತ್ರದಲ್ಲಿ ದೊಡ್ಡದಾಗಿ ಬಳಕೆಯಾದದ್ದು ಅಲ್ಲೇ ಮೊದಲು. ಅದನ್ನು ಸಾಧಿಸಿದ ಲ್ಯಾರಿ ಬಟ್ಲರ್‌ಗೆ ಆಸ್ಕರ್ ಬಂತು. ನೀಲಿ ಗೆರೆ ಹೋಗಲಿಲ್ಲ.

ಫೋಟೊಶಾಪ್‌ನಲ್ಲಿ ಮಾಸ್ಕ್ ಹಾಕಿ ಮದುಮಗಳ ಚಿತ್ರವನ್ನು ಹಿನ್ನೆಲೆಯಿಂದ ಬಿಡಿಸುವ ಸ್ಟುಡಿಯೊದವರು ಜೂಮ್ ಮಾಡಿ ಗೊಣಗುವುದೂ ಇದೇ ಗೆರೆಯನ್ನು ಕಂಡು. ಮುಡಿಯ ಸುತ್ತ ಬಿಳಿ ಪಟ್ಟಿ, ಸೀರೆಯ ಅಂಚಿಗೆ ಹಳೆಯ ಗೋಡೆಯ ಹಸಿರು. ಸಾಫ್ಟ್‌ವೇರ್ ಹೊಸದಿರಬಹುದು, ಕಾಯಿಲೆ ಹಳೆಯದು.

ಛಾಯಾಗ್ರಹಣದ ಮೊದಲ ತಲೆಮಾರು ಈ ಗೆರೆಯ ಜತೆ ಜಗಳಕ್ಕೆ ಇಳಿಯಲಿಲ್ಲ, ಅದನ್ನು ಅಡಗಿಸುವ ಜಾಗ ಹುಡುಕಿತು. ಆಗಿನ ಕೊಲೋಡಿಯನ್ ಫಲಕಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ, ಕಡಲು ಸರಿಯಾಗಿ ಬಂದರೆ ಆಕಾಶ ಬೆಳ್ಳಗೆ ಬೋಳಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದ ನಡುವೆ ಕಡಲಿಗೊಂದು, ಮೋಡಕ್ಕೊಂದು ನೆಗೆಟಿವ್ ಮಾಡಿ, ಎರಡನ್ನೂ ದಿಗಂತದ ಗೆರೆಯ ಮೇಲೆ ಜೋಡಿಸಿದ. ಗೆರೆ ಇರಲೇಬೇಕಾದ ಕಡೆಯೇ ಜೋಡಣೆ ಬಿದ್ದರೆ ಯಾರಿಗೆ ಅನುಮಾನ? 1857ರಲ್ಲಿ ಆಸ್ಕರ್ ರೈಲ್ಯಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳಿಂದ ‘ಟೂ ವೇಸ್ ಆಫ್ ಲೈಫ್’ ಎಂಬ ಒಂದೇ ಚಿತ್ರ ಕಟ್ಟಿದಾಗಲೂ, ಒಂದು ಆಕೃತಿಯನ್ನು ಅಚ್ಚು ಹಾಕುವಾಗ ಉಳಿದ ಕಾಗದವನ್ನು ಮುಚ್ಚಿಟ್ಟು, ಮನುಷ್ಯರ ಮೈಯ ಅಂಚು ಕಂಬ, ಪರದೆ, ನೆರಳುಗಳಿಗೆ ತಾಗುವಂತೆ ನೋಡಿಕೊಂಡ.

ನಮ್ಮ ಸಿನಿಮಾಗಳ ಮಾಸ್ಕ್ ಶಾಟ್ ಇದೇ ಉಪಾಯದ ಮರಿಮಗ. ‘ಬಭ್ರುವಾಹನ’ದಂಥ (1977) ದ್ವಿಪಾತ್ರದ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಅಲುಗದಂತೆ ಬಿಗಿದು, ಲೆನ್ಸಿನ ಅರ್ಧ ಭಾಗ ಮುಚ್ಚಿ ಒಂದು ಪಾತ್ರ ತೆಗೆದು, ಫಿಲ್ಮ್ ಹಿಂದಕ್ಕೆ ಸುತ್ತಿ, ಇನ್ನರ್ಧ ತೆರೆದು ಮತ್ತೊಂದು ಪಾತ್ರ ತೆಗೆಯುವುದು ರೂಢಿ. ಎರಡು ಅರ್ಧಗಳ ಕೂಡುಗೆರೆಯನ್ನು ಕಂಬಕ್ಕೋ ಬಾಗಿಲ ಚೌಕಟ್ಟಿಗೋ ಒರಗಿಸುತ್ತಿದ್ದರು. ನಟನ ಕೈ ಆ ಗೆರೆ ದಾಟಿದರೆ ಬೆರಳೇ ಮಾಯ. ಹಾಗಾಗಿಯೇ ಇಬ್ಬರು ರಾಜ್‌ಕುಮಾರ್ ಎದುರುಬದುರು ನಿಂತು ಗುಡುಗಬಹುದಿತ್ತು, ಅಪ್ಪಿಕೊಳ್ಳುವುದಾದರೆ ಒಬ್ಬರ ಬೆನ್ನಷ್ಟೇ ಕಾಣಬೇಕಿತ್ತು.

ಆದರೆ ನಟ ನಡೆಯಬೇಕು, ಓಡಬೇಕು ಎಂದಾಗ ಗೆರೆಯೂ ಅವನ ಜತೆ ಓಡಬೇಕಾಗುತ್ತದೆ. 1918ರಲ್ಲಿ ಫ್ರಾಂಕ್ ವಿಲಿಯಮ್ಸ್ ಪೇಟೆಂಟ್ ಪಡೆದದ್ದು ಇಂಥ ಚಲಿಸುವ ಮಾಸ್ಕಿಗೆ. ಕಪ್ಪು ಹಿನ್ನೆಲೆಯ ಮುಂದೆ ನಟನನ್ನು ಚಿತ್ರೀಕರಿಸಿ, ಆ ಫಿಲ್ಮನ್ನು ಗಾಢ ಕಪ್ಪು ಬಿಳುಪಿಗೆ ಇಳಿಸಿದರೆ ಫ್ರೇಮಿಗೊಂದು ನೆರಳಚ್ಚು ಸಿಗುತ್ತಿತ್ತು. 1933ರ ‘ದ ಇನ್‌ವಿಸಿಬಲ್ ಮ್ಯಾನ್’ ಈ ದಾರಿಯಲ್ಲೇ ನಡೆಯಿತು. ಕಪ್ಪು ಮಖಮಲ್ಲಿನ ಗೋಡೆಯ ಮುಂದೆ, ಮೈತುಂಬ ಕಪ್ಪು ಮಖಮಲ್ಲು ತೊಟ್ಟು, ಅದರ ಮೇಲೆ ಅಂಗಿ ಹಾಕಿಕೊಂಡು ನಟ ಓಡಾಡಿದ. ತೆರೆಯ ಮೇಲೆ ಬರಿಯ ಅಂಗಿ ಓಡಾಡಿತು. ಅಂಚುಗಳು ಮಾತ್ರ ಸುಮ್ಮನಿರಲಿಲ್ಲ. ಕಣ್ಣಿಗೆಂದು ಬಿಟ್ಟ ತೂತು, ಮಖಮಲ್ಲಿನ ಮಿಂಚು, ಸಣ್ಣಪುಟ್ಟ ಕಲೆಗಳನ್ನು ಜಾನ್ ಫುಲ್ಟನ್‌ನ ತಂಡ ಕುಂಚ ಹಿಡಿದು ಸರಿಪಡಿಸಿತು. ಸುಮಾರು 4,000 ಅಡಿ ಫಿಲ್ಮ್, ಅಂದರೆ 64,000 ಫ್ರೇಮುಗಳು, ಹೀಗೆ ಕೈಯಲ್ಲೇ ತಿದ್ದಿಸಿಕೊಂಡವು. ಅಂಚು ಶುಚಿ ಮಾಡುವುದು ಬೇಸರದ ಕೆಲಸ ಎನ್ನುವವರು ಈ ಲೆಕ್ಕವನ್ನೊಮ್ಮೆ ನೆನೆಯಬೇಕು.

ಬಟ್ಲರ್ ಕಪ್ಪಿನ ಬದಲು ನೀಲಿ ಆರಿಸಿದ್ದಕ್ಕೆ ಕಾರಣ ಸರಳ: ಮನುಷ್ಯನ ಚರ್ಮಕ್ಕೆ ಅತಿ ದೂರದ ಬಣ್ಣ ಅದು. ಮೂರು ಬಣ್ಣಕ್ಕೆ ಮೂರು ನೆಗೆಟಿವ್ ಓಡುತ್ತಿದ್ದ ಟೆಕ್ನಿಕಲರ್‌ನಲ್ಲಿ ನೀಲಿಯನ್ನು ಬೇರ್ಪಡಿಸುವುದೂ ಸಲೀಸು. ತೊಂದರೆಯಿದ್ದದ್ದು ಮುಂದಿನ ಹಂತದಲ್ಲಿ. ಮಾಸ್ಕಿಗೊಂದು ಫಿಲ್ಮ್, ಅದರ ಪ್ರತಿಮಾಸ್ಕಿಗೊಂದು, ಮುನ್ನೆಲೆ ಹಿನ್ನೆಲೆಗಳಿಗೆ ತಲಾ ಒಂದು ಎಂದು ಎಲ್ಲವೂ, ಫಿಲ್ಮಿನಿಂದ ಫಿಲ್ಮಿಗೆ ಚಿತ್ರ ಇಳಿಸುವ ಆಪ್ಟಿಕಲ್ ಪ್ರಿಂಟರಿನಲ್ಲಿ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಫಿಲ್ಮ್ ಕೊಂಚ ಕುಗ್ಗಿದರೂ ಸಾಕು, ಲೆಕ್ಕ ತಪ್ಪಿತು. ಹಿನ್ನೆಲೆಯಲ್ಲಿ ಬಿಟ್ಟ ಖಾಲಿ ಜಾಗ ನಟನಿಗಿಂತ ದೊಡ್ಡದಾದರೆ ಸುತ್ತ ಕಪ್ಪು ಗೆರೆ, ಮುನ್ನೆಲೆಯ ಮಾಸ್ಕ್ ದೊಡ್ಡದಾದರೆ ನೀಲಿ ಗೆರೆ. ಇನ್ನು ಕೂದಲು, ಹೊಗೆ, ಗಾಜು? ಮಾಸ್ಕಿಗೆ ಗೊತ್ತಿದ್ದದ್ದು ‘ಇದೆ’ ಅಥವಾ ‘ಇಲ್ಲ’ ಎಂಬ ಎರಡೇ ಮಾತು. ಅರ್ಧ ಇರುವುದನ್ನು ಹೇಳಲು ಅದಕ್ಕೆ ಬಾಯಿರಲಿಲ್ಲ.

ಆ ಅರ್ಧವನ್ನು ಅಳೆದವನು ಪೆಟ್ರೊ ವ್ಲಾಹೋಸ್ ಎಂಬ ಎಂಜಿನಿಯರ್. ‘ಬೆನ್-ಹರ್’ (1959) ಚಿತ್ರಕ್ಕಾಗಿ ಅವನು ರೂಪಿಸಿದ ವಿಧಾನದ ಮೂಲ ಒಂದು ಸಣ್ಣ ಗಮನಿಕೆ: ನೀಲಿ ಪರದೆಯನ್ನು ಬಿಟ್ಟರೆ ದೃಶ್ಯದ ಬಹುತೇಕ ವಸ್ತುಗಳಲ್ಲಿ ನೀಲಿಯ ಪ್ರಮಾಣ ಹಸಿರನ್ನು ಮೀರುವುದಿಲ್ಲ. ಎಲ್ಲಿ ಮೀರುತ್ತದೋ ಅಲ್ಲಿ ಪರದೆ ಇಣುಕುತ್ತಿದೆ. ಎಷ್ಟು ಮೀರುತ್ತದೋ ಅಷ್ಟು ಇಣುಕುತ್ತಿದೆ. ನೀಲಿಯನ್ನು ಹಸಿರಿನ ಮಟ್ಟಕ್ಕೆ ಇಳಿಸಿಬಿಟ್ಟರೆ ಅಂಚಿನ ಕೊಳೆಯೂ ಹೋಯಿತು. ನೇರಳೆ ಬಟ್ಟೆ ತೊಟ್ಟ ನಟ ಮಾತ್ರ ಈ ಲೆಕ್ಕವನ್ನು ಕೆಡಿಸುತ್ತಿದ್ದ. ಬಣ್ಣದ ಪರದೆ ಅಳಿಸುವ ಡಿಜಿಟಲ್ ಕ್ರೋಮಾ ಕೆಲಸದಲ್ಲಿ ಈಗಲೂ ಮೊದಲಿಗೆ ಕೈಗೆ ಬರುವ ಸೂತ್ರ ಇದೇ.

ಡಿಸ್ನಿಗಾಗಿ ವ್ಲಾಹೋಸ್ ದುಡಿದ ಇನ್ನೊಂದು ವಿಧಾನದಲ್ಲಿ ಪರದೆಗೆ ಬಿದ್ದದ್ದು ಸೋಡಿಯಂ ದೀಪದ ಹಳದಿ, 589 ನ್ಯಾನೊಮೀಟರಿನ ಬೆಳಕು. ಕ್ಯಾಮೆರಾದೊಳಗಿನ ಪಟ್ಟಕ ಆ ಒಂದು ಹಳದಿಯನ್ನಷ್ಟೇ ಬೇರ್ಪಡಿಸಿ ಎರಡನೆಯ ಫಿಲ್ಮಿಗೆ ಕಳಿಸುತ್ತಿತ್ತು. ಶೂಟಿಂಗ್ ನಡೆಯುತ್ತಿರುವಾಗಲೇ ಮಾಸ್ಕ್ ಸಿದ್ಧ. ‘ಮೇರಿ ಪಾಪಿನ್ಸ್’ನಲ್ಲಿ (1964) ನಾಯಕಿಯ ಟೋಪಿಯ ಜಾಲರಿ ಕಾರ್ಟೂನ್ ಹಿನ್ನೆಲೆಯ ಮೇಲೂ ಜಾಲರಿಯಾಗಿಯೇ ಉಳಿದದ್ದು ಹೀಗೆ.

ಇಷ್ಟಾದ ಮೇಲೂ ಗೆರೆ ಸೋಲಲಿಲ್ಲ. 1980ರ ‘ದ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ನ ಯುದ್ಧ ನಡೆದದ್ದು ಹಿಮದ ಮೇಲೆ. ‘ಸ್ಟಾರ್ ವಾರ್ಸ್’ನ ಕಪ್ಪು ಆಕಾಶದಲ್ಲಿ ಅಡಗುತ್ತಿದ್ದ ಕಪ್ಪು ಅಂಚು ಬಿಳಿ ಹಿಮದ ಮೇಲೆ ಎದ್ದು ಕಂಡಿತು. ತಂತ್ರಜ್ಞರು ಮಾಸ್ಕನ್ನು ತೆಳುಮಾಡಿ ಗೆರೆಯನ್ನು ತಗ್ಗಿಸಿದರು. ಅದರ ಬೆಲೆಯಾಗಿ ವಿಮಾನದ ಕಾಕ್‌ಪಿಟ್ ಚೌಕಟ್ಟಿನ ಮೂಲಕವೇ ಹಿಮ ಕಂಡಿತು! 1997ರ ಆವೃತ್ತಿಯಲ್ಲಿ ಕಂಪ್ಯೂಟರ್ ಹಿಡಿದು ಅದನ್ನು ಸರಿಮಾಡಿದರು.

ಅಷ್ಟರಲ್ಲಿ ಕಂಪ್ಯೂಟರ್ ಲೋಕ ತನ್ನದೇ ದಾರಿ ಕಂಡುಕೊಂಡಿತ್ತು. 1977ರ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮುಲ್ ಪ್ರತಿ ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿಗಳ ಜತೆ ನಾಲ್ಕನೆಯದೊಂದು ಅಂಕಿ ಕೊಟ್ಟರು: ಆಲ್ಫಾ, ಎಂದರೆ ಆ ಪಿಕ್ಸೆಲ್ ಎಷ್ಟು ತುಂಬಿದೆ ಎಂಬ ಅಳತೆ. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಅದಕ್ಕೆ ಪೂರ್ಣ ಗಣಿತ ಬರೆದರು.

ಕೂದಲಂಚಿನ ಒಂದೇ ಪಿಕ್ಸೆಲ್ ತೆಗೆದುಕೊಳ್ಳಿ. ಕೂದಲಿನ ಹೊಳಪು 40, ಹಿಂದಿನ ಬಿಳಿ ಗೋಡೆ 255. ಅರ್ಧ ಅದು, ಅರ್ಧ ಇದು ಬಿದ್ದರೆ ಸುಮಾರು 147. ಈ ಚಿತ್ರವನ್ನು 20ರ ಹೊಳಪಿನ ಕತ್ತಲ ಹಿನ್ನೆಲೆಗೆ ತಂದರೆ ಅಲ್ಲಿ ನ್ಯಾಯವಾಗಿ 30 ಬರಬೇಕು. ಮಾಸ್ಕ್ ಅರ್ಧ ಪಾರದರ್ಶಕವಾಗಿದ್ದರೂ 147ರ ಅರ್ಧ, 20ರ ಅರ್ಧ ಕೂಡಿ ಸುಮಾರು 84 ಆಗುತ್ತದೆ. ಮದುಮಗಳ ಮುಡಿಯ ಸುತ್ತಲಿನ ಬಿಳಿ ಪಟ್ಟಿ ಎಂದರೆ ಈ ಹೆಚ್ಚುವರಿ ಬೆಳಕು. ಮಾಸ್ಕನ್ನು ಎಷ್ಟು ನಯವಾಗಿ ಕತ್ತರಿಸಿದರೂ ಅದು ಹೋಗುವುದಿಲ್ಲ, ಏಕೆಂದರೆ ತಪ್ಪಿರುವುದು ಕತ್ತರಿಯಲ್ಲಲ್ಲ, ಬಣ್ಣದಲ್ಲಿ.

1990ರಲ್ಲಿ ಮಾರುಕಟ್ಟೆಗೆ ಬಂದ ಫೋಟೊಶಾಪ್ ಬರೆದ ಅಣ್ಣತಮ್ಮಂದಿರಲ್ಲಿ ಜಾನ್ ನೋಲ್ ‘ಸ್ಟಾರ್ ವಾರ್ಸ್’ನ ಚಮತ್ಕಾರ ಮಾಡಿದ ಕಂಪನಿಯ ಉದ್ಯೋಗಿಯೇ. 1994ರ ಮೂರನೆಯ ಆವೃತ್ತಿಯಲ್ಲಿ ಲೇಯರುಗಳು ಬಂದವು. 2010ರಲ್ಲಿ ಅಂಚಿನ ಬಣ್ಣ ತೊಳೆಯುವ ‘ಡೀಕಂಟಾಮಿನೇಟ್ ಕಲರ್ಸ್’ ಸೇರಿತು. ಲೇಯರ್ ಮೆನುವಿನ ತಳದಲ್ಲಿರುವ ‘ಮ್ಯಾಟಿಂಗ್’ ಎಂಬ ಹೆಸರು, ಮಾಸ್ಕಿಗೆ ಸಿನಿಮಾದವರು ಬಳಸುವ ‘ಮ್ಯಾಟ್’ ಎಂಬ ಮಾತನ್ನೇ ಉಳಿಸಿಕೊಂಡಿದೆ. ‘ಡಿಫ್ರಿಂಜ್’ ಅಂಚಿನ ಪಿಕ್ಸೆಲ್ಲುಗಳಿಗೆ ಒಳಗಿನ ಬಣ್ಣ ಹಚ್ಚುತ್ತದೆ. ‘ರಿಮೂವ್ ವೈಟ್ ಮ್ಯಾಟ್’, ‘ರಿಮೂವ್ ಬ್ಲ್ಯಾಕ್ ಮ್ಯಾಟ್’ ಎಂಬವು ಬೆರೆತ ಬಿಳಿ, ಕಪ್ಪನ್ನು ಲೆಕ್ಕ ಹಾಕಿ ಕಳೆಯುತ್ತವೆ.

ಈ ಕೆಲಸಕ್ಕೆ ಕೂರುವವರು ಒಂದನ್ನು ಮರೆಯಬಾರದು. ಲೇಯರಿಗೆ ಮಾಸ್ಕ್ ಬರೀ ತಗುಲಿಕೊಂಡಿರುವಾಗ ‘ಡಿಫ್ರಿಂಜ್’ಗೆ ಅಂಚು ಕಾಣುವುದಿಲ್ಲ. ಲೇಯರಿನ ನಕಲೊಂದನ್ನು ಪಕ್ಕಕ್ಕಿಟ್ಟುಕೊಂಡು, ಮಾಸ್ಕನ್ನು ಅಪ್ಲೈ ಮಾಡಿ, ಆಮೇಲೆ ಒಂದೆರಡು ಪಿಕ್ಸೆಲ್ಲಿನಿಂದ ಶುರುಮಾಡಿ.