ಕಪ್ಪೆಣ್ಣೆಯ ಓದು

ದೆಹಲಿಯ ಚಾಣಕ್ಯಪುರಿಯಲ್ಲಿ 1977ರಲ್ಲಿ ತೆರೆದ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ಕನ್ನಡಿಗರನ್ನು ಸೆಳೆಯುವುದು ಮೈಸೂರು ಮಹಾರಾಜರ 1899ರ ಸಲೂನ್ ಬೋಗಿ. ಮಕ್ಕಳು ಮಾತ್ರ ಉಗಿಬಂಡಿಗಳನ್ನು ಬಿಟ್ಟು ಕದಲುವುದಿಲ್ಲ. ಅದಕ್ಕೆ ಕಾರಣವೂ ಇದೆ. ಉಗಿ ಎಂಜಿನ್ನಿಗೆ ಮುಚ್ಚುಮರೆ ಕಡಿಮೆ, ಚಕ್ರ ತಿರುಗಿಸುವ ಸಲಾಕೆಗಳೆಲ್ಲ ಕಣ್ಣೆದುರೇ ಇರುತ್ತವೆ. ಬೇರಿಂಗ್ ಕಾದಿದೆಯೇ ಎಂದು ಡ್ರೈವರ್ ನಿಲ್ದಾಣದಲ್ಲಿ ಇಳಿದು ಕೈಯಿಟ್ಟು ನೋಡಬಹುದಿತ್ತು. ಡೀಸೆಲ್ ಬಂದಾಗ ಆ ಅಂಗಗಳೆಲ್ಲ ಉಕ್ಕಿನ ಪೆಟ್ಟಿಗೆಯೊಳಗೆ ಸೇರಿಕೊಂಡವು. ಒಳಗಿನ ಸುದ್ದಿ ಹೊರಗೆ ತರುವಂಥವು ಮುಖ್ಯವಾಗಿ ಎರಡು ಉಳಿದವು: ಹೊಗೆ ಮತ್ತು ಎಣ್ಣೆ.

ಎಣ್ಣೆಯನ್ನು ಓದಲು ಮೊದಲು ಕಲಿತವರಲ್ಲಿ ಅಮೆರಿಕದ ಒಂದು ಬೆಟ್ಟದ ರೈಲ್ವೆಯೂ ಸೇರಿದೆ. ಡೆನ್ವರ್ ಅಂಡ್ ರಿಯೊ ಗ್ರಾಂಡೆ ವೆಸ್ಟರ್ನ್ ಕಂಪನಿಯ ಗಾಡಿಗಳು ರಾಕಿ ಪರ್ವತ ಹತ್ತಬೇಕಿತ್ತು. ಅಲ್ಲಿ ಕೆಲವು ಕಡೆ 33 ಅಡಿ ಮುಂದೆ ಹೋದರೆ ಒಂದಡಿ ಏರು. ಅಂಥ ಜಾಗದಲ್ಲಿ ಎಂಜಿನ್ ಕೈಕೊಟ್ಟರೆ ಹಿಂದಿನ ಗಾಡಿಗಳೆಲ್ಲ ನಿಂತಂತೆಯೇ. 1946ರಲ್ಲಿ ಕಂಪನಿಯ ಪ್ರಯೋಗಾಲಯವು ಬಳಸಿದ ಎಣ್ಣೆಯಲ್ಲಿನ ಲೋಹದ ಪ್ರಮಾಣ ನೋಡಿ, ಡೀಸೆಲ್ ಎಂಜಿನ್ನುಗಳ ಕಾಯಿಲೆಯನ್ನು ಬಿಚ್ಚದೆಯೇ ಪತ್ತೆ ಮಾಡಿತು. ತತ್ವ ದೀಪಾವಳಿಯ ಮತಾಪಿನದೇ: ಉರಿಯುವಾಗ ಒಂದೊಂದು ಲೋಹಕ್ಕೆ ಒಂದೊಂದು ಬಣ್ಣದ ಬೆಳಕು. ಎಣ್ಣೆಯನ್ನು ವಿದ್ಯುತ್ ಕಿಡಿಯಲ್ಲಿ ಸುಟ್ಟು ಆ ಬೆಳಕನ್ನು ಬಿಡಿಸಿ ಅಳೆದರೆ, ಹತ್ತು ಲಕ್ಷ ಭಾಗದಲ್ಲಿ ಕಬ್ಬಿಣ ಎಷ್ಟು, ತಾಮ್ರ ಎಷ್ಟು ಎಂದು ತಿಳಿಯುತ್ತದೆ. 1950ರ ದಶಕದಲ್ಲಿ ಅಮೆರಿಕದ ನೌಕಾಪಡೆ ಇದೇ ವಿದ್ಯೆಯನ್ನು ವಿಮಾನದ ಎಂಜಿನ್ನುಗಳಿಗೆ ಹಿಡಿಯಿತು.

ಭಾರತದ ಮುಖ್ಯ ಮಾರ್ಗಗಳಿಗೆ ಆಲ್ಕೊ ಕಂಪನಿಯ ಡೀಸೆಲ್‌ಗಳು 1957ರಿಂದ ಬಂದವು, 1962ರಲ್ಲಿ ಡಬ್ಲ್ಯುಡಿಎಂ-2. 1964ರಿಂದ ವಾರಾಣಸಿಯಲ್ಲೇ ತಯಾರಿ. ಮುಂದೆ ಡೀಸೆಲ್ ಶೆಡ್ಡುಗಳಲ್ಲಿ ಪ್ರಯೋಗಾಲಯಗಳು ಬಂದವು, ಎಣ್ಣೆಯಲ್ಲಿ ಯಾವುದು ಎಷ್ಟಿರಬಹುದೆಂಬ ಮಿತಿಯನ್ನು ಲಕ್ನೋದ ಆರ್‌ಡಿಎಸ್‌ಒ ನಿಗದಿ ಮಾಡಿತು. ಶೋಧಕ ಕಾಗದದ ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು, ಹರಡಿದ ಕಲೆಯಲ್ಲಿ ಮಸಿ ಎಷ್ಟಿದೆ ಎಂದು ನೋಡುವ ಅಗ್ಗದ ಪರೀಕ್ಷೆಯೂ ಜೊತೆಗಿತ್ತು. ಅದನ್ನು ಹಗುರವಾಗಿ ಕಾಣುವಂತಿಲ್ಲ.

ಅಳೆಯುವುದು ಯಂತ್ರದ ಕೆಲಸ. ಕಷ್ಟ ಇರುವುದು ಓದುವುದರಲ್ಲಿ. ಆಲ್ಕೊ ಎಂಜಿನ್ನಿನ ಸಿಲಿಂಡರ್ ಲೈನರಿಗೆ ಕ್ರೋಮಿಯಂ ಲೇಪ ಇರುತ್ತಿತ್ತು. ಎಣ್ಣೆಯಲ್ಲಿ ಕ್ರೋಮಿಯಂ ಏರಿದರೆ ಲೈನರ್ ಸವೆದಿದೆ ಎನ್ನಬಹುದು. ಆದರೆ ತುಕ್ಕು ಹಿಡಿಯದಂತೆ ತಂಪುನೀರಿಗೆ ಸೋಡಿಯಂ ಕ್ರೋಮೇಟ್ ಬೆರೆಸುವ ಪದ್ಧತಿ ಇದ್ದಲ್ಲಿ, ಅದೇ ಕ್ರೋಮಿಯಂ ನೀರು ಸೋರುತ್ತಿರುವ ಸುಳಿವೂ ಆಗಿರಬಹುದು. ಆಗ ಪಕ್ಕದ ಸಾಲು ನೋಡಬೇಕು: ಜೊತೆಗೆ ಕಬ್ಬಿಣ ಏರಿದ್ದರೆ ಸವೆತ, ಸೋಡಿಯಂ ಏರಿದ್ದರೆ ನೀರು. ಸಿಲಿಕಾನ್ ಜೊತೆ ಅಲ್ಯುಮಿನಿಯಂ, ಕಬ್ಬಿಣ ಎರಡೂ ಏರಿದರೆ ಮೊದಲು ಏರ್ ಫಿಲ್ಟರ್ ನೋಡಬೇಕು, ದೂಳು ಒಳಗೆ ಹೋಗುತ್ತಿದೆ. ಸೀಸ, ತವರ ಕಂಡರೆ ಬೇರಿಂಗಿನ ಮೇಲ್ಪದರದ ಕಡೆ ಅನುಮಾನ.

ಸತುವಿನ ಕತೆ ಇನ್ನೂ ವಿಚಿತ್ರ. ಲಾರಿ ಎಣ್ಣೆಯಲ್ಲಿ ಸತು ಇರಲೇಬೇಕು, ಸವೆತ ತಡೆಯಲು ಬೆರೆಸಿದ್ದು ಅದು. ಅಮೆರಿಕದ ಜನರಲ್ ಮೋಟರ್ಸ್ ರೈಲು ಎಂಜಿನ್ನುಗಳಲ್ಲಿ ಪಿಸ್ಟನ್ ಪಿನ್ನಿನ ಬೇರಿಂಗಿಗೆ ಬೆಳ್ಳಿ ಲೇಪ. ಆ ಬೆಳ್ಳಿಯನ್ನು ಈ ಸತುವಿನ ಸಂಯುಕ್ತವೇ ತಿನ್ನುತ್ತದೆ. ಅಲ್ಲಿ ಸತು ಕಂಡರೆ ಯಾರೋ ತಪ್ಪು ಎಣ್ಣೆ ಸುರಿದಿದ್ದಾರೆಂದೇ ಅರ್ಥ. ಒಂದೇ ಅಂಕಿ ಒಂದು ಕಡೆ ಆರೋಗ್ಯ, ಇನ್ನೊಂದು ಕಡೆ ಅಪಾಯ.

ಅದೇ ಕಂಪನಿಯ ವಿನ್ಯಾಸದ ಡಬ್ಲ್ಯುಡಿಜಿ-4 ಎಂಜಿನ್ನುಗಳು 1999ರಲ್ಲಿ ಭಾರತಕ್ಕೆ ಬಂದು ಹುಬ್ಬಳ್ಳಿ ಶೆಡ್ ಸೇರಿದವು. ಕುಳೆಯಿಂದ ಕ್ಯಾಸಲ್‌ರಾಕ್‌ವರೆಗಿನ ಬ್ರಗಾಂಝಾ ಘಾಟಿನಲ್ಲಿ ಏರು 37ಕ್ಕೆ 1. ಮುರಗಾಂವ್ ಬಂದರಿನ ಕಲ್ಲಿದ್ದಲು ಹೊತ್ತ ಗಾಡಿಗೆ ಮುಂದೆಯೂ ಹಿಂದೆಯೂ ಎಂಜಿನ್ ಕಟ್ಟಿ ಹತ್ತಿಸಬೇಕು. ಅಂಥ ಎಂಜಿನ್ನಿನ ಎಣ್ಣೆಯನ್ನು ಬಯಲುಸೀಮೆಯಲ್ಲಿ ಓಡಿದ ಎಂಜಿನ್ನಿನ ಎಣ್ಣೆಗೆ ಹೋಲಿಸುವುದು ಹಮಾಲಿಯ ನಾಡಿಬಡಿತವನ್ನು ಗುಮಾಸ್ತನದಕ್ಕೆ ಹೋಲಿಸಿದಂತೆ. ಅದರ ನಿನ್ನೆಯ ಅಂಕಿಗೇ ಇವತ್ತಿನದನ್ನು ಹೋಲಿಸಬೇಕು. ಕಬ್ಬಿಣ ಯಾವಾಗಲೂ ಸ್ವಲ್ಪ ಹೆಚ್ಚೇ ಇದ್ದರೆ ಅದು ದುಡಿಮೆಯ ಗುರುತು. ಮಿತಿಯೊಳಗೇ ಇದ್ದು ಎರಡು ಸ್ಯಾಂಪಲ್‌ಗಳ ನಡುವೆ ಇಮ್ಮಡಿಯಾದರೆ ಶೆಡ್ಡಿಗೆ ಎಳೆಯಬೇಕು. ಸುಮ್ಮನೆ ಎಳೆದರೆ ಒಂದು ಎಂಜಿನ್ನಿನ ದುಡಿಮೆ ಹೋಯಿತು, ಎಳೆಯದೆ ಬಿಟ್ಟರೆ ಘಾಟಿನ ನಡುವೆ ಕ್ರ್ಯಾಂಕ್‌ಶಾಫ್ಟ್ ಮುರಿಯಬಹುದು.

ಮೋಸ ಮಾಡುವ ವರದಿಗಳೂ ಉಂಟು. ಭಾರ ಎಳೆದು ಮಸಿ ಸೇರಿದ ಎಣ್ಣೆ ದಪ್ಪಗಾಗುತ್ತದೆ, ಇಂಜೆಕ್ಟರ್ ಸೋರಿ ಡೀಸೆಲ್ ಬೆರೆತರೆ ತೆಳ್ಳಗಾಗುತ್ತದೆ. ಎರಡೂ ಒಟ್ಟಿಗೆ ನಡೆದರೆ ಸ್ನಿಗ್ಧತೆ ‘ಸರಿ’ ಎಂದೇ ಬರುತ್ತದೆ. ಎಣ್ಣೆ ಕುಡಿಯುವ ಎಂಜಿನ್ನಿಗೆ ಮತ್ತೆ ಮತ್ತೆ ಹೊಸ ಎಣ್ಣೆ ಸುರಿದರೆ ಲೋಹ ತೆಳುವಾಗಿ ರೋಗಿಯೇ ಗಟ್ಟಿಮುಟ್ಟಾಗಿ ಕಾಣುತ್ತಾನೆ. ಇನ್ನು ಕಿಡಿಯ ಬೆಳಕು ಸಣ್ಣ ಕಣಗಳನ್ನಷ್ಟೇ ಚೆನ್ನಾಗಿ ಕಾಣುತ್ತದೆ, ಚೂರಾಗಿ ಕಿತ್ತು ಬಂದ ಲೋಹ ಅದರ ಕಣ್ತಪ್ಪುತ್ತದೆ. 1970ರ ದಶಕದ ಆರಂಭದಲ್ಲಿ ವರ್ನನ್ ವೆಸ್ಟ್‌ಕಾಟ್ ಅಯಸ್ಕಾಂತದಿಂದ ಅಂಥ ಚೂರುಗಳನ್ನು ಗಾಜಿನ ಮೇಲೆ ಸಾಲಾಗಿ ಕೂರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಫೆರೋಗ್ರಫಿ ರೂಪಿಸಿದ್ದು ಇದೇ ಕೊರತೆ ನೀಗಲು.

ಈಗ ಟ್ರೇಲರ್ ಎಳೆಯುವ ಲಾರಿಯ ಮಾಲೀಕರೂ ಸ್ಯಾಂಪಲ್ ಕಳಿಸಬಹುದು. ಎಂಜಿನ್ ಬಿಸಿಯಿರುವಾಗಲೇ, ಹೊಸ ಎಣ್ಣೆ ಸುರಿಯುವ ಮೊದಲೇ ತೆಗೆಯಬೇಕು. ಬಾಟಲಿಯ ಚೀಟಿಯಲ್ಲಿ ಎಣ್ಣೆ ಬದಲಿಸಿ ಎಷ್ಟು ಕಿಲೋಮೀಟರ್ ಆಯಿತು, ನಡುವೆ ಎಷ್ಟು ಲೀಟರ್ ಸುರಿಯಲಾಯಿತು, ಯಾವ ಎಣ್ಣೆ ಎಂದು ಬರೆದಿರಬೇಕು. ಚೀಟಿ ಖಾಲಿ ಬಿಟ್ಟು ಕಳಿಸಿದ ಬಾಟಲಿಗೆ ಪ್ರಯೋಗಾಲಯ ಅಂಕಿಗಳನ್ನು ಕೊಡಬಲ್ಲದು, ಅಷ್ಟೆ.